ಮೂರು ಸಲ ಕೇಳುವ ಊರು

ಕ್ವೀನ್ಸ್, ನ್ಯೂಯಾರ್ಕ್
ಫೆಬ್ರವರಿ 20, 1984

ಆರ್ಡಿಸ್ ಅಕ್ಕಾ,

ನಿನ್ನ ಕಾಗದ ಬಂತು. ಎರಡು ಪುಟ ಹಿಮದ ಬಗ್ಗೆ, ಅರ್ಧ ಪುಟ ಪಕ್ಕದ ಮನೆಯ ನಾಯಿಯ ಕುಂಟುಕಾಲಿನ ಬಗ್ಗೆ. ಕೊನೆಗೆ ಸಹಿಯ ಕೆಳಗೆ ಒಂದೇ ಒಂದು ಸಾಲು: ಅಂದ ಹಾಗೆ, ಮೇ ತಿಂಗಳಲ್ಲಿ ಚರ್ಚಿನ ಹಾಡುಗಾರರ ತಂಡದ ಜೊತೆ ನಿಮ್ಮೂರಿಗೆ ಬರುತ್ತಿದ್ದೇನೆ. ಅಂದ ಹಾಗೆಯಂತೆ! ಅಮ್ಮನನ್ನು ಮಣ್ಣು ಮಾಡಿ ನಾನು ಮತ್ತೆ ಇಲ್ಲಿಗೆ ಬಸ್ಸು ಹತ್ತಿದ ಮೇಲೆ ಹನ್ನೊಂದು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ. ನೀನು ಮಿನಿಯಾಪೊಲಿಸ್ ದಾಟಿದವಳೇ ಅಲ್ಲ. ಮನೆ ಬಾಗಿಲಿಗೆ ಬೀಗ ಎಲ್ಲಿದೆ ಎಂದು ಕೇಳಿದರೆ ಹುಡುಕಬೇಕು ಎನ್ನುವವಳು ನೀನು. ನಿನ್ನಂಥವಳನ್ನು ಈ ಊರು ಬೆಳಗಿನ ತಿಂಡಿಗೆ ತಿಂದು ಮುಗಿಸುತ್ತದೆ.

ಫೋನು ಮಾಡಿದರೆ ಹವಾಮಾನ ಬಿಟ್ಟು ಇನ್ನೇನೂ ಮಾತಾಡುವುದಿಲ್ಲ ನೀನು, ಅದಕ್ಕೇ ಬರೆಯುತ್ತಿದ್ದೇನೆ. ಕೈಚೀಲವನ್ನು ಭುಜಕ್ಕೆ ನೇತುಹಾಕಬೇಡ. ಕೊರಳಿನಿಂದ ಅಡ್ಡ ಹಾಕಿ, ಮೇಲೆ ಕೋಟು ತೊಟ್ಟು, ಗುಂಡಿ ಹಾಕಿಕೋ. ತಲೆಯೆತ್ತಿ ಕಟ್ಟಡಗಳನ್ನು ನೋಡುತ್ತಾ ನಿಲ್ಲಬೇಡ. ನಕ್ಷೆಯನ್ನು ಬೀದಿಯಲ್ಲಿ ಬಿಚ್ಚಬೇಡ. ದಾರಿ ಗೊತ್ತಿಲ್ಲದಿದ್ದರೂ ಗೊತ್ತಿರುವವರ ಹಾಗೆ ನಡೆ. ಸುರಂಗದ ರೈಲಿನಲ್ಲಿ ನಡುವಿನ ಡಬ್ಬಿಗೇ ಹತ್ತು, ಗಾರ್ಡ್ ಇರುವುದು ಅಲ್ಲಿಯೇ. ಮುಖ್ಯವಾಗಿ, ಎದುರಿಗೆ ಸಿಕ್ಕವರಿಗೆಲ್ಲ ನಕ್ಕು ಗುಡ್ ಮಾರ್ನಿಂಗ್ ಹೇಳುವ ನಿನ್ನ ಚಟವನ್ನು ಊರಿನಲ್ಲೇ ಬಿಟ್ಟು ಬಾ.

ಸಕ್ಕರೆ ಕಾಯಿಲೆ ಹೇಗಿದೆ? ಅದನ್ನು ಬರೆಯಲೇ ಇಲ್ಲ. ನಾಯಿಯ ಕಾಲಿಗಿಂತ ಅದು ಮುಖ್ಯವಲ್ಲವೇ?

ನನ್ನ ಮನೆಯಲ್ಲೇ ಇಳಿದುಕೊಳ್ಳಬಹುದು. ಸೋಫಾ ಬಿಚ್ಚಿದರೆ ಹಾಸಿಗೆಯಾಗುತ್ತದೆ. ಇರುತ್ತೀಯಾ?

ಈಗಲೇ ದಿಗಿಲು ಹತ್ತಿರುವ ನಿನ್ನ ತಂಗಿ,
ಥೋರಾ


ನೋರಾ ಲೇಕ್, ಮಿನ್ನೆಸೋಟ
ಮಾರ್ಚ್ 4, 1984

ಪ್ರೀತಿಯ ಥೋರಾ,

ಇಲ್ಲಿ ಇನ್ನೂ ಹಿಮ. ಹಿಮ ತೆಗೆಯುವ ಗಾಡಿ ಬಂದು ದಾರಿ ಕೆರೆದು ಹೋದ ಮೇಲೆ ಮತ್ತೆ ಬಿತ್ತು.

ನಿನ್ನ ಕಾಗದವನ್ನು ಬುಧವಾರ ಚರ್ಚಿನಲ್ಲಿ ಹೆಂಗಸರಿಗೆಲ್ಲ ಓದಿ ಹೇಳಿದೆ. ತಂಡ ನಡೆಸುವ ಹುಲ್ಡಾ ಬಾಯಿ ಬಿಟ್ಟುಕೊಂಡು ಕೇಳಿದಳು. "ಗುಡ್ ಮಾರ್ನಿಂಗ್ ಹೇಳದೆ ಹೋದ್ರೆ, ಬೆಳಗಾಗಿದ್ದು ಅವರಿಗೆ ಹೆಂಗ್ ಗೊತ್ತಾಗುತ್ತೆ?" ಎಂದಳು. ಈಗ ಎಲ್ಲರಿಗೂ ಒಂದೊಂದು ಸಿಳ್ಳೆ ತರಿಸಿ ಕೊಟ್ಟಿದ್ದಾಳೆ, ಕಳ್ಳ ಬಂದರೆ ಊದಲು. ಅಭ್ಯಾಸದ ದಿನ ಹನ್ನೆರಡು ಜನ ಒಟ್ಟಿಗೆ ಊದಿದೆವು. ಪಕ್ಕದ ಮನೆಯ ಕುಂಟುನಾಯಿ ನಾಲ್ಕೂ ಕಾಲಿನಲ್ಲಿ ಓಡಿತು.

ನಮಗೆ ಹೊಸ ಪಾದ್ರಿ ಬಂದಿದ್ದಾರೆ, ಕ್ಯಾಲಿಫೋರ್ನಿಯಾದ ಹುಡುಗ. ಒಳ್ಳೆಯವರೇ, ಆದರೆ ಏನೂ ತಿಳಿಯದು. ಮೊನ್ನೆ ಕಾಫಿಯ ಪಾತ್ರೆ ಹಿಡಿದು ಬಂದು, "ಯಾರಿಗೆ ಕಾಫಿ?" ಎಂದರು. ನಾವೆಲ್ಲ "ಅಯ್ಯೋ ಬೇಡಿ, ನಿಮಗ್ಯಾಕೆ ತೊಂದ್ರೆ" ಎಂದೆವು. ಅವರು "ಸರಿ ಹಾಗಾದ್ರೆ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಯೇಬಿಟ್ಟರು! ಆ ಚಳಿಯಲ್ಲಿ ಕಾಫಿಯ ವಾಸನೆ ಕುಡಿದುಕೊಂಡು ಕುಳಿತೆವು. ಮೂರನೆಯ ಸಲ ಕೇಳುವವರೆಗೂ ಕೈ ಚಾಚಬಾರದು ಎಂದು ಅಮ್ಮ ನಮಗೆ ಕಲಿಸಿದ್ದು ನೆನಪಿದೆಯಲ್ಲ. ಒಂದೇ ಸಲ ಕೇಳಿ ಬಿಡುವುದಾದರೆ ಕೇಳುವುದಾದರೂ ಯಾಕೆ?

ಇಳಿದುಕೊಳ್ಳುವ ವಿಷಯ. ಬೇಡ, ನಿನಗ್ಯಾಕೆ ತೊಂದರೆ, ನಿನಗೆ ಕೆಲಸವಿರುತ್ತದೆ. ಹೋಟೆಲಿನಲ್ಲಿ ಹುಲ್ಡಾಳ ಕೋಣೆಯಲ್ಲೇ ಇರುತ್ತೇನೆ. ಅವಳ ಗೊರಕೆಯ ವಿಷಯ ಬೇರೆ ಮಾತು.

ಸಕ್ಕರೆ ಇದೆ, ಸೂಜಿ ಚುಚ್ಚಿಕೊಳ್ಳುತ್ತೇನೆ. ನಿನ್ನ ಅಕ್ಷರ ಯಾಕೆ ಹಾಗೆ ಸೊಟ್ಟ ಬಿದ್ದಿದೆ?

ಆರ್ಡಿಸ್


ಕ್ವೀನ್ಸ್
ಮಾರ್ಚ್ 28, 1984

ಅಕ್ಕಾ,

ಸರಿ, ಹೋಟೆಲಿನಲ್ಲೇ ಇರು. ನಿನ್ನಿಷ್ಟ.

ಮಣಿಕಟ್ಟು ಉಳುಕಿದೆ, ಅಷ್ಟೇ. ಹಿಮದಲ್ಲಿ ಜಾರಿದೆ. ಮದುವೆಯ ಉಡುಪುಗಳ ಅಂಚು ಹೊಲಿಯುವುದು ನಿಧಾನವಾಗಿದೆ, ಅಂಗಡಿಯ ಯಜಮಾನಿ ಮುಖ ಸಿಂಡರಿಸುತ್ತಾಳೆ. ಮದುವೆಯ ಹುಡುಗಿಯರು ಮೊದಲೇ ಸಿಂಡರಿಸಿಕೊಂಡು ಬಂದಿರುತ್ತಾರೆ. ಅದೆಲ್ಲ ಬಿಡು.

ನೀನು ನಗುತ್ತಿದ್ದೀಯ, ನನಗೆ ಮಾತ್ರ ನಗು ಬರುತ್ತಿಲ್ಲ. ಕಣ್ಣು ಮುಚ್ಚಿದರೆ ನೀನು ಆ ಕಂದು ಕೋಟಿನಲ್ಲಿ ಯಾವುದೋ ಮೂಲೆಯಲ್ಲಿ ನಿಂತು, ಯಾವನಿಗೋ ನಮ್ಮೂರಿನ ಹವಾಮಾನ ವಿವರಿಸುತ್ತಿರುತ್ತೀಯ. ಸಿಳ್ಳೆ ಊದಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಟ್ಯಾಕ್ಸಿ ಬಂದು ನಿಲ್ಲಬಹುದು ಅಷ್ಟೇ. ದಯವಿಟ್ಟು ಕೇಳು. ಯಾರಾದರೂ ತಾವಾಗಿಯೇ ಹತ್ತಿರ ಬಂದು ಸಹಾಯ ಬೇಕಾ ಎಂದು ವಿಚಾರಿಸಿದರೆ, ಬೇಡ ಎನ್ನು. ದಾರಿ ತಪ್ಪಿದ್ದೀಯ ಎಂದು ಯಾರಿಗೂ ಗೊತ್ತಾಗಬಾರದು. ಹಾಗೆ ವಿಚಾರಿಸುವವರ ಒಂದು ಕಣ್ಣು ನಿನ್ನ ಚೀಲದ ಮೇಲಿರುತ್ತದೆ.

ಸೂಜಿ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ನಿನಗೆ ಏನಾಗುತ್ತದೆ ಎಂಬುದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಅಮ್ಮನಿಗೂ ಹಾಗೇ ಆಗುತ್ತಿತ್ತು. ಚೀಲದ ತುಂಬಾ ಪೆಪ್ಪರ್ಮಿಂಟು ಇಟ್ಟುಕೋ. ನನ್ನ ವಿಳಾಸ, ನನ್ನ ಅಂಗಡಿಯ ಫೋನ್ ನಂಬರ್, ನಿನಗೆ ಸಕ್ಕರೆ ಕಾಯಿಲೆ ಇದೆ ಎನ್ನುವುದು, ಇಷ್ಟನ್ನೂ ಒಂದು ಬಟ್ಟೆಯ ಮೇಲೆ ಬರೆದು ಕೋಟಿನ ಒಳಗೆ ಹೊಲಿದುಕೋ. ನಗಬೇಡ. ಹೊಲಿ.

ಥೋರಾ


ನೋರಾ ಲೇಕ್
ಏಪ್ರಿಲ್ 26, 1984

ಥೋರಾ,

ಹಿಮ ಕರಗಿತು. ಈಗ ಎಲ್ಲೆಲ್ಲೂ ಕೆಸರು.

ಹೊಲಿದೆ. ಶಾಲೆಗೆ ಹೋಗುವ ಮಗುವಿನ ಹಾಗೆ ಕಾಣುತ್ತಿದ್ದೇನೆ. ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದವಳು, ಅರವತ್ತೆರಡಕ್ಕೆ ಹೆಸರು ಹೊಲಿಸಿಕೊಂಡು ಹೊರಟಿದ್ದೇನೆ. ಪೆಪ್ಪರ್ಮಿಂಟೂ ಕೊಂಡೆ. ಅಮ್ಮನ ಕೈಯಳತೆಯಲ್ಲೇ ಲೆಫ್ಸೆ ಮಾಡಿದ್ದೇನೆ, ಡಬ್ಬಿ ತುಂಬಾ. ನಿಮ್ಮೂರಿನಲ್ಲಿ ಆಲೂಗಡ್ಡೆಯ ರೊಟ್ಟಿ ತಟ್ಟುವವರು ಯಾರೂ ಇಲ್ಲ ಎಂದು ಒಂದು ಸಲ ಬರೆದಿದ್ದೆಯಲ್ಲ.

ಮೇ ಆರು, ಭಾನುವಾರ ಹಾಡು ಮುಗಿದ ಮೇಲೆ ನಾವು ಹಾಡುವ ಚರ್ಚಿನ ಮೆಟ್ಟಿಲ ಹತ್ತಿರ ಸಿಗು. ನನ್ನನ್ನು ಗುರುತಿಸುತ್ತೀಯಾ? ದಪ್ಪಗಾಗಿದ್ದೇನೆ.

ಆರ್ಡಿಸ್


ಕ್ವೀನ್ಸ್
ಮೇ 15, 1984

ಅಕ್ಕಾ,

ಚರ್ಚಿನ ಮೆಟ್ಟಿಲ ಹತ್ತಿರ ಸಿಗು ಎಂದಿದ್ದೆ. ಒಂದು ದಿನ ಮೊದಲೇ, ಆಸ್ಪತ್ರೆಯ ಮಂಚದ ಮೇಲೆ ಸಿಕ್ಕಿದೆ.

ನೀನು ಊರು ತಲುಪಿ ವಾರವಾಯಿತು. ಫೋನಿನಲ್ಲಿ ಮತ್ತದೇ, ಕೆಸರು ಒಣಗುತ್ತಿದೆಯಂತೆ. ನಿನಗೇನಾಗಿತ್ತು ಎಂದು ಕೇಳಿದರೆ, "ಒಂಚೂರು ತಲೆ ಸುತ್ತು ಬಂದಿತ್ತು" ಎನ್ನುತ್ತೀಯ. ಒಂಚೂರಾ? ಆ ಶನಿವಾರ ಅಂಗಡಿಗೆ ಫೋನ್ ಬಂತು. "ಆರ್ಡಿಸ್ ಅನ್ನೋರು ನಿಮಗೇನಾಗ್ಬೇಕು?" ಎಂದು ಯಾರೋ ಕೇಳಿದರು. ಯಾರದೋ ಮದುವೆಯ ಉಡುಪು ನನ್ನ ತೊಡೆಯ ಮೇಲಿತ್ತು, ಅದನ್ನು ತುಳಿದುಕೊಂಡೇ ಓಡಿದೆ. ನಿನ್ನ ಮುಖ ಕಂಡಾಗ ನಮ್ಮಮ್ಮನ ಕೊನೆಯ ದಿನದ ಮುಖ ಕಂಡ ಹಾಗಾಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಎಚ್ಚರವಾಗುತ್ತಿರಲಿಲ್ಲ ಎಂದು ಡಾಕ್ಟರು ನನಗೆ ಹೇಳಿದರು. ನಿನಗೆ ಹೇಳಿದರೋ ಇಲ್ಲವೋ.

ಮಂಚದ ಸುತ್ತ ಹಾಡುಗಾರ ಹೆಂಗಸರು ನಿಂತಿದ್ದರು, ಸಿಳ್ಳೆ ಕೊರಳಲ್ಲಿ ಹಾಕಿಕೊಂಡು. ಅವರ ಎದುರಿಗೆ ಏನು ಕೇಳಲಿ? ಆದರೂ ಕೇಳಿದೆ. "ಸ್ವಲ್ಪ ದಿನ ನನ್ ಜೊತೆ ಇದ್ದು ಹೋಗು" ಎಂದೆ. "ಬೇಡ ಕಣೆ, ನಿನಗ್ಯಾಕೆ ತೊಂದ್ರೆ" ಎಂದೆ ನೀನು. ಸರಿ ಎಂದೆ. ಸೋಮವಾರ ನಿಮ್ಮ ಬಸ್ಸು ಹೊರಟಿತು. ಆಮೇಲೂ ನಾನು ಲೆಫ್ಸೆ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ನಿನಗೆ ನನ್ನ ಜೊತೆ ಇರಲು ಇಷ್ಟವಿಲ್ಲ, ಅದು ನನಗೆ ಗೊತ್ತು. ಆದರೆ ಆ ಶನಿವಾರ ಏನು ನಡೆಯಿತು ಎಂದಾದರೂ ಹೇಳು. ನನಗೆ ನಿದ್ದೆ ಬರುತ್ತಿಲ್ಲ.

ಥೋರಾ


ನೋರಾ ಲೇಕ್
ಜೂನ್ 3, 1984

ಥೋರಾ,

ಕೇಳಿದೆಯಲ್ಲ, ಹೇಳುತ್ತೇನೆ. ಹವಾಮಾನ ಇವತ್ತು ಬೇಡ.

ಬೆಳಿಗ್ಗೆ ಸೂಜಿ ಚುಚ್ಚಿಕೊಂಡು ಒಂದು ತುಂಡು ಬ್ರೆಡ್ಡು ತಿಂದು ಎಲ್ಲರ ಜೊತೆ ಹೊರಟೆ. ಒಂದು ದೊಡ್ಡ ಅಂಗಡಿ ನೋಡಿಕೊಂಡು ಊಟಕ್ಕೆ ಹೋಗುವುದು ಎಂದಿತ್ತು. ಅಂಗಡಿಯಿಂದ ಹೊರಗೆ ಬರುವಾಗ ಬಾಗಿಲು ತಳ್ಳಿದವಳು ನಾನು. ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಂತೆ. ನಮ್ಮೂರಿನಲ್ಲಿ ಇಬ್ಬರೋ ಮೂವರೋ ಬರುತ್ತಾರೆ, ಮುಗಿಯುತ್ತದೆ. ಅಲ್ಲಿ ಮುಗಿಯಲೇ ಇಲ್ಲ ಕಣೆ. ಹುಲ್ಡಾ ಹೋದಳು, ನಮ್ಮವರೆಲ್ಲ ಹೋದರು, ಅವರ ಹಿಂದೆ ಇಡೀ ನ್ಯೂಯಾರ್ಕು ಹೊರಟಿತು. ಯಾರ ಮುಖದ ಮೇಲೆ ಬಾಗಿಲು ಬಿಡಲಿ ಹೇಳು? ಒಬ್ಬ ಗಂಡಸಂತೂ ನಾನು ಅಂಗಡಿಯ ಕೆಲಸದವಳೆಂದು ತಿಳಿದು ಟೋಪಿಗಳು ಯಾವ ಮಹಡಿಯಲ್ಲಿ ಎಂದು ಕೇಳಿದ. ಕೊನೆಗೆ ಬಿಟ್ಟು ಹೊರಗೆ ಬಂದರೆ ನಮ್ಮವರು ಒಬ್ಬರೂ ಇಲ್ಲ.

ಗಾಬರಿಯಾಯಿತು. ಆದರೂ ನೀನು ಹೇಳಿದ್ದನ್ನೇ ಮಾಡಿದೆ. ದಾರಿ ಗೊತ್ತಿರುವವಳ ಹಾಗೆ ನಡೆದೆ, ಹಾಗೆ ನಡೆದೇ ಪೂರ್ತಿ ದಾರಿ ತಪ್ಪಿದೆ. ಊಟದ ಹೊತ್ತು ಮೀರಿ ಕಣ್ಣು ಮಂಜಾಗತೊಡಗಿತು. ಪೆಪ್ಪರ್ಮಿಂಟು ಹುಡುಕಿದರೆ ಒಂದೂ ಇಲ್ಲ. ಬಸ್ಸಿನಲ್ಲೇ ಎಲ್ಲರಿಗೂ ಹಂಚಿ ಮುಗಿಸಿದ್ದೆ. ಒಬ್ಬೊಬ್ಬರಿಗೂ ಮೂರು ಮೂರು ಸಲ ಕೇಳಿ ಕೊಟ್ಟಿದ್ದೆ.

ಒಂದು ಬೆಂಚು ಸಿಕ್ಕಿತು, ಕುಳಿತೆ. ಮೈಯೆಲ್ಲ ಬೆವರು. ಮಗುವಿನ ಗಾಡಿ ತಳ್ಳಿಕೊಂಡು ಬಂದ ಹುಡುಗಿಯೊಬ್ಬಳು ನಿಂತಳು. "ಹುಷಾರಾಗಿದ್ದೀರಾ? ಏನಾದ್ರೂ ಬೇಕಾ?" ಎಂದಳು. "ಏನೂ ಬೇಡಮ್ಮ, ಚೆನ್ನಾಗಿದ್ದೀನಿ" ಎಂದೆ. ಹೋದಳು. ಆಮೇಲೆ ಒಬ್ಬ ಪೊಲೀಸಿನವನು ಬಂದ. ಪೊಲೀಸಿನವನು, ಥೋರಾ! ಅವನ ಕಣ್ಣು ನನ್ನ ಚೀಲದ ಮೇಲೇನೂ ಇರಲಿಲ್ಲ. "ಸಹಾಯ ಬೇಕಾ ಮೇಡಂ?" ಎಂದ. ಬೇಕು ಎಂದು ನನ್ನ ಜೀವವೇ ಕೂಗುತ್ತಿತ್ತು. ಬಾಯಿ ಮಾತ್ರ, "ಅಯ್ಯೋ, ನಿಮಗ್ಯಾಕೆ ತೊಂದ್ರೆ" ಎಂದಿತು. "ಸರಿ ಮೇಡಂ" ಎಂದು ಅವನೂ ಹೋದ. ತಿರುಗಿ ಬಂದು ಇನ್ನೊಂದು ಸಲ ಕೇಳುತ್ತಾನೆ ಎಂದು ಅವನ ಬೆನ್ನನ್ನೇ ನೋಡುತ್ತಾ ಕುಳಿತೆ. ಅವನು ರಸ್ತೆ ದಾಟಿ ಹೋಗಿಬಿಟ್ಟ.

ನನ್ನನ್ನು ಉಳಿಸಿದವಳು ಪತ್ರಿಕೆ ಮಾರುವ ಒಬ್ಬ ಸಿಡುಕಿ. ಅವಳ ಗೂಡಂಗಡಿ ಎದುರಿಗೇ ಇತ್ತು. ಅಲ್ಲಿಂದಲೇ ಕೂಗಿದಳು.

"ಏಯ್, ಕಂದು ಕೋಟು! ಏನಾಗಿದೆ ನಿನಗೆ? ಮುಖದಲ್ಲಿ ರಕ್ತಾನೇ ಇಲ್ಲ!"

"ಏನಿಲ್ಲ, ಚೆನ್ನಾಗಿದ್ದೀನಿ."

"ಚೆನ್ನಾಗಿದ್ದಾಳಂತೆ, ನನ್ನ ತಲೆ! ಕಿತ್ತಳೆ ರಸ ಕುಡೀತೀಯಾ?"

"ಬೇಡಿ, ನಿಮಗ್ಯಾಕೆ..."

"ನಿನ್ನ ಕೇಳಿದ್ದೇ ತಪ್ಪಾಯ್ತು. ಈಗ ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ. ಬಾಯಿ ತೆಗಿ!"

ಗೂಡು ಬಿಟ್ಟು ಬಂದು ನನ್ನ ಗಲ್ಲ ಹಿಡಿದು ಕುಡಿಸಿದಳು. ಅರ್ಧ ಒಳಗೆ ಹೋಯಿತು, ಅರ್ಧ ಕೋಟಿನ ಮೇಲೆ. ಆಮೇಲೆ ನಾನು ಬೆಂಚಿನಿಂದ ಜಾರಿದೆನಂತೆ. ಅವಳೇ ಕೋಟಿನ ಗುಂಡಿ ಬಿಚ್ಚಿ ನೀನು ಹೊಲಿಸಿದ ಬಟ್ಟೆ ಓದಿ ಆಂಬುಲೆನ್ಸ್ ಕರೆಸಿದ್ದು. ನೋಡು, ನಿನ್ನ ಒಂದು ಬುದ್ಧಿಮಾತು ನನ್ನನ್ನು ಸಾಯಿಸಲು ನೋಡಿತು, ಇನ್ನೊಂದು ಬದುಕಿಸಿತು. ಅವಳ ಹೆಸರು ಕೇಳುವುದನ್ನು ಮರೆತೆ. ನೀನು ಹೋಗಿ ಕೇಳಿ ಬಾ.

ಇನ್ನೊಂದು ಮಾತು. ನಿನ್ನ ಜೊತೆ ಇರಲು ನನಗೆ ಇಷ್ಟವಿಲ್ಲ ಎಂದು ಬರೆದಿದ್ದೀಯ. ಅಮ್ಮನ ಮಣ್ಣಾದ ದಿನ ಅಡುಗೆಮನೆಯಲ್ಲಿ ನಾನು ತಟ್ಟೆ ತೊಳೆಯುತ್ತಿದ್ದೆ, ನೀನು ಒರೆಸುತ್ತಿದ್ದೆ. "ಇಲ್ಲಿ ಒಬ್ಬಳೇ ಏನ್ ಮಾಡ್ತೀಯ, ನನ್ ಜೊತೆ ನ್ಯೂಯಾರ್ಕಿಗೆ ಬಂದ್ಬಿಡು" ಎಂದೆ ನೀನು. "ಬೇಡ ಕಣೆ, ನಿನಗ್ಯಾಕೆ ತೊಂದ್ರೆ" ಎಂದೆ ನಾನು. ನೀನು ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ಮಹಡಿಗೆ ಹೋದೆ. ಉಳಿದ ತಟ್ಟೆಗಳನ್ನೆಲ್ಲ ನಾನು ಬೇಕೆಂದೇ ನಿಧಾನವಾಗಿ ತೊಳೆದೆ. ನೀನು ಇಳಿದು ಬಂದದ್ದು ಪೆಟ್ಟಿಗೆ ಹಿಡಿದುಕೊಂಡೇ. ಆ ಬೆಂಚಿನ ಮೇಲೆ ಕುಳಿತಾಗ ನನಗೆ ನೆನಪಾದದ್ದು ಅದೇ.

ನಾನೂ ಒಂದು ಕೇಳುತ್ತೇನೆ. ಫೆಬ್ರವರಿಯಲ್ಲಿ ಉಳುಕಿದ ಮಣಿಕಟ್ಟಿಗೆ ಮೇ ತಿಂಗಳಲ್ಲೂ ಪಟ್ಟಿ ಯಾಕಿತ್ತು? ನಿಜವಾಗಿಯೂ ಹಿಮದಲ್ಲಿ ಜಾರಿದೆಯಾ?

ಆರ್ಡಿಸ್


ಕ್ವೀನ್ಸ್
ಜುಲೈ 22, 1984

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿದ್ದೆ. ಹನ್ನೊಂದು ವರ್ಷ, ಇನ್ನೊಂದು ಸಲ ಕೇಳಲಿ ಎಂದು ಕಾದೆಯಾ? ಬಾಯಿಬಿಟ್ಟು ಹೂಂ ಎನ್ನಲು ನಿನಗೇನಾಗಿತ್ತು? ನಾನು ಮಹಡಿಗೆ ಹೋದದ್ದು ಅಳಲು. ಅಕ್ಕನಿಗೆ ನಾನು ಬೇಡವಾದೆ ಎಂದು ಅಮ್ಮನ ಮಂಚದ ಮೇಲೆ ಬಿದ್ದುಕೊಂಡು ಅತ್ತೆ. ಕೆಳಗೆ ತಟ್ಟೆಗಳ ಸದ್ದು ಕೇಳುತ್ತಿತ್ತು. ನೋಡು, ಅಳುವವರ ಕಡೆಗೆ ತಿರುಗಿಯೂ ನೋಡದೆ ತಟ್ಟೆ ತೊಳೆಯುತ್ತಿದ್ದಾಳೆ ಎಂದುಕೊಂಡೆ.

ಈ ಊರಿಗೆ ಬಂದ ಹೊಸತರಲ್ಲಿ ನಾನೂ ನಿನ್ನ ಹಾಗೇ ಇದ್ದೆ. ಅಂಗಡಿಯ ಹುಡುಗಿಯರು "ತಿಂತೀಯಾ?" ಎಂದರೆ "ಬೇಡ" ಎನ್ನುತ್ತಿದ್ದೆ, ಅವರು ತಾವೇ ತಿಂದು ಮುಗಿಸುತ್ತಿದ್ದರು. ಹಸಿದು ಹಸಿದೇ ಕಲಿತೆ. ಇಲ್ಲಿ ಬೇಡವೆಂದರೆ ಬೇಡ. ಕಲಿತದ್ದು ಎಷ್ಟು ಗಟ್ಟಿಯಾಯಿತೆಂದರೆ, ಅಮ್ಮನ ಅಡುಗೆಮನೆಯಲ್ಲಿ ನಿಂತಾಗಲೂ ಅದೇ ಲೆಕ್ಕ ಹಿಡಿದೆ.

ಆ ಪತ್ರಿಕೆಯವಳನ್ನು ಹುಡುಕಿ ಹೋದೆ. ಹೆಸರು ರೊಸಾಲ್ಬಾ. ನೀನು ಬದುಕಿದ್ದೀಯ ಎಂದದ್ದಕ್ಕೆ, "ಬದುಕದೆ ಏನು? ನನ್ನ ಕಿತ್ತಳೆ ರಸ ಅಲ್ವಾ?" ಎಂದಳು. ಫ್ರೀಜರಿನಲ್ಲಿ ಉಳಿಸಿಟ್ಟಿದ್ದ ಲೆಫ್ಸೆಯಲ್ಲಿ ಅರ್ಧ ಅವಳಿಗೆ ಕೊಟ್ಟೆ. ಇದಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಾರೆ ಎಂದಳು.

ಇನ್ನು ಮಣಿಕಟ್ಟು. ಹಿಮದಲ್ಲಿ ಜಾರಲಿಲ್ಲ ಅಕ್ಕಾ. ಜನವರಿಯಲ್ಲಿ, ನಮ್ಮ ಕಟ್ಟಡದ ಲಿಫ್ಟಿನಲ್ಲೇ ಒಬ್ಬ ನನ್ನ ಚೀಲ ಎಳೆದ. ನಾನು ಬಿಡಲಿಲ್ಲ. ಅದರಲ್ಲಿ ಸೂಜಿ, ಕತ್ತರಿ, ಒಂದು ಸ್ಯಾಂಡ್‌ವಿಚ್ಚು ಬಿಟ್ಟರೆ ಏನೂ ಇರಲಿಲ್ಲ, ಆದರೂ ಬಿಡಲಿಲ್ಲ. ಗೋಡೆಗೆ ನೂಕಿದ, ಮೂಳೆ ಮುರಿಯಿತು. ಅವತ್ತಿನಿಂದ ನನಗೆ ಈ ಊರೆಂದರೆ ಭಯ. ಮೂವತ್ತು ವರ್ಷ ನನ್ನದು ಎಂದುಕೊಂಡ ಊರು. ನಿನಗೆ ಬರೆದ ಬುದ್ಧಿಮಾತೆಲ್ಲ ಅವತ್ತಿನ ನಂತರ ನನಗೆ ನಾನೇ ಹೇಳಿಕೊಂಡದ್ದು. ಕೆಲಸದಿಂದ ಬಂದು, ಅಡುಗೆಮನೆಯಲ್ಲಿರುವ ಎರಡು ಕುರ್ಚಿಗಳಲ್ಲಿ ಒಂದನ್ನು ಬಾಗಿಲಿಗೆ ಒತ್ತಿ ಇಡುತ್ತೇನೆ. ಆಮೇಲೂ ಲಿಫ್ಟಿನ ಸದ್ದಾದಾಗೆಲ್ಲ ಎದ್ದು ಕೂರುತ್ತೇನೆ. ಯಾರಿಗೂ ಹೇಳಿಲ್ಲ. ನಿನಗೆ ಈಗ ಹೇಳುತ್ತಿದ್ದೇನೆ.

ಬಂದುಬಿಡು ಅಕ್ಕಾ. ನಿನ್ನ ಸಕ್ಕರೆ ನೋಡಿಕೊಳ್ಳಲು ಕರೆಯುತ್ತಿಲ್ಲ. ನನಗೆ ನೀನು ಬೇಕು. ಬಂದು ನನ್ನ ಜೊತೆ ಇರು.

ಥೋರಾ


ಕ್ವೀನ್ಸ್
ಜುಲೈ 23

ಅಕ್ಕಾ,

ನಿನ್ನೆಯ ಕಾಗದ ಇನ್ನೂ ಅಂಚೆ ಚೀಲದಲ್ಲೇ ಇರುತ್ತದೆ. ಆದರೂ ನೀನು ಅದನ್ನು ಓದಿ, ಮಡಚಿ, ಬೇಡ ಕಣೆ ಎಂದು ಬರೆಯಲು ಕುಳಿತದ್ದು ನನ್ನ ಕಣ್ಣಿಗೆ ಕಟ್ಟುತ್ತಿದೆ. ಅದಕ್ಕೇ ಇದು. ತೊಂದರೆಯಿಲ್ಲ. ಸೋಫಾ ಬಿಚ್ಚಿ ನೋಡಿದೆ, ನೀನು ದಪ್ಪಗಾಗಿದ್ದರೂ ಸಾಕಾಗುತ್ತದೆ.

ಎರಡನೆಯ ಸಲ ಕೇಳುತ್ತಿದ್ದೇನೆ. ಬಾ.

ಥೋರಾ


ಕ್ವೀನ್ಸ್
ಜುಲೈ 24

ಅಕ್ಕಾ,

ಇದು ಮೂರನೆಯದು. ಇದರಾಚೆಗೆ ಕೇಳುವ ಪದ್ಧತಿ ನಮ್ಮೂರಿನಲ್ಲಿ ಇಲ್ಲ. ಇದಕ್ಕೂ ಬೇಡವೆಂದರೆ ಅದು ನಿಜವಾದ ಬೇಡ ಎಂದು ನನಗೆ ಗೊತ್ತು, ಆಮೇಲೆ ಕೇಳುವುದಿಲ್ಲ. ಇದನ್ನು ಅಂಚೆ ಡಬ್ಬಿಗೆ ಹಾಕಲು ಕೈ ಬರುತ್ತಿಲ್ಲ. ಆದರೂ ಹಾಕುತ್ತೇನೆ.

ಬರುತ್ತೀಯಾ?

ಥೋರಾ


ನೋರಾ ಲೇಕ್
ಜುಲೈ 26, 1984

ಥೋರಾ,

ಬರುತ್ತೇನೆ.

ನಿನ್ನ ಇಪ್ಪತ್ತೆರಡನೆಯ ತಾರೀಖಿನ ಕಾಗದ ಈಗ ತಾನೇ ಬಂತು. ಅಂಚೆಯವನು ಇನ್ನೂ ಮೂಲೆ ತಿರುಗಿಲ್ಲ, ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. "ಕಾಫಿ ಕುಡೀತೀಯಾ?" ಎಂದು ಒಂದೇ ಸಲ ಕೇಳಿ ಕೈಗೆ ಲೋಟ ಕೊಟ್ಟೆ. ಹೆದರಿಕೊಂಡು ಕುಡಿಯುತ್ತಿದ್ದಾನೆ.

ನಿನ್ನನ್ನು ನಾನು ಬಲ್ಲೆ. ಇನ್ನೆರಡು ಕಾಗದ ದಾರಿಯಲ್ಲಿರುತ್ತವೆ. ಬರಲಿ, ಕೇಳಿಸಿಕೊಳ್ಳಲು ಹಿತವಾಗಿರುತ್ತದೆ. ಆದರೆ ಅವಕ್ಕಾಗಿ ನಾನು ಕಾಯುವುದಿಲ್ಲ. ಒಬ್ಬರು ಒಂದು ಸಲ ಕೇಳಿದ್ದಕ್ಕೇ ಹೂಂ ಎಂದದ್ದು ನನ್ನ ಜನ್ಮದಲ್ಲಿ ಇದೇ ಮೊದಲು, ಹುಲ್ಡಾಳಿಗೆ ತಿಳಿಯುವುದು ಬೇಡ.

ಜನವರಿಯಿಂದ ಒಬ್ಬಳೇ ಹೆದರಿಕೊಂಡು ಕುಳಿತಿದ್ದೆಯಲ್ಲ, ಪೆದ್ದಿ. ಬಾಗಿಲಿಗೆ ಒತ್ತಿಟ್ಟಿರುವ ಆ ಕುರ್ಚಿ ತೆಗೆದು ಮೇಜಿನ ಹತ್ತಿರ ಹಾಕಿಡು. ನಾನು ಬಂದು ಕೂರಬೇಕು.

ನಿನ್ನ ಅಕ್ಕ,
ಆರ್ಡಿಸ್